ಬದಾಮ್ ಸತ್ತಿಯ ಪಕ್ಕದ ಎಲೆ

ಇಸ್ಪೀಟಿನ ಎಲೆಗಳಿಗೂ ಊರು ಬದಲಾದರೆ ಹೆಸರು ಬದಲು. ನಮ್ಮ ಆಟೀನು ಪುಣೆಯಲ್ಲಿ ಬದಾಮ್. ಆಟೀನು ಏಳು ಇಲ್ಲಿ ಬದಾಮ್ ಸತ್ತಿ. ಅದೇ ಹೆಸರಿನ ಆಟವೊಂದು ಮರಾಠಿ ಮನೆಗಳಲ್ಲಿ ಮಕ್ಕಳಿಂದ ಅಜ್ಜಿಯರವರೆಗೆ ಎಲ್ಲರಿಗೂ ಗೊತ್ತು. ಈ ಸಲ ನಾನು ಬರೆಯುತ್ತಿರುವುದು ಆ ಆಟದ ಬಗ್ಗೆ ಅಲ್ಲ, ಅದೇ ಕಟ್ಟಿನಿಂದ ಮಾಡಬಹುದಾದ ಒಂದು ಸಣ್ಣ ಜಾದುವಿನ ಬಗ್ಗೆ. ವೇದಿಕೆ ಬೇಡ, ಪೆಟ್ಟಿಗೆ ಬೇಡ, ಕೈಯಲ್ಲಿ ವಿಶೇಷ ಚುರುಕೂ ಬೇಡ. ಊಟದ ಮೇಜಿನ ಆಚೆ ಒಬ್ಬರು ಕೂತಿದ್ದರೆ ಸಾಕು.

ಮೊದಲು ಕಟ್ಟನ್ನು ಎದುರಿನವರಿಗೇ ಕೊಟ್ಟು ಚೆನ್ನಾಗಿ ಕಲಸಲು ಹೇಳಿ. ವಾಪಸ್ ತೆಗೆದುಕೊಂಡು ಅಂಚನ್ನು ಮೇಜಿಗೆ ತಟ್ಟಿ ಸರಿಮಾಡುವ ನೆಪದಲ್ಲಿ ತೀರಾ ಕೆಳಗಿನ ಎಲೆ ಯಾವುದೆಂದು ನೋಡಿಕೊಳ್ಳಿ. ಅದು ಬದಾಮ್ ಸತ್ತಿ ಎಂದಿಟ್ಟುಕೊಳ್ಳೋಣ. ಎಲೆಗಳನ್ನು ಬೋರಲಾಗಿಯೇ ಬೀಸಣಿಗೆಯಂತೆ ಹರಡಿ, ನಡುವಿನಿಂದ ಒಂದನ್ನು ಆರಿಸಲು ಹೇಳಿ. ಅವರು ನೋಡಿ ನೆನಪಿಟ್ಟುಕೊಂಡ ಎಲೆಯನ್ನು ಕಟ್ಟಿನ ಮೇಲೆ ಇಡಿಸಿ. ಈಗ ಅವರಿಂದಲೇ ಕಟ್ ಮಾಡಿಸಿ: ಮೇಲಿನ ಅರ್ಧವನ್ನು ಎತ್ತಿ ಪಕ್ಕಕ್ಕಿಟ್ಟು, ಕೆಳಗಿನ ಅರ್ಧವನ್ನು ಅದರ ಮೇಲೆ ಇಡಬೇಕು. ಬೇಕಿದ್ದರೆ ಇನ್ನೆರಡು ಸಲ ಕಟ್ ಮಾಡಲಿ. ಆಮೇಲೆ ಮೇಲಿನಿಂದ ಒಂದೊಂದೇ ಎಲೆಯನ್ನು ಮಗುಚಿ ಮೇಜಿನ ಮೇಲೆ ಹಾಕುತ್ತಾ ಹೋಗಿ. ಬದಾಮ್ ಸತ್ತಿಯ ನಂತರ ಬರುವುದೇ ಅವರ ಎಲೆ. ಗುಟ್ಟು ಇಷ್ಟೇ.

ನೋಡುವವರಿಗೆ ಹೊಳೆಯದ ವಿಷಯ ಒಂದಿದೆ. ಕಲಸುವುದು ಬೇರೆ, ಕಟ್ ಮಾಡುವುದು ಬೇರೆ. 52 ಎಲೆಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆ ಬರೆದರೆ 68 ಅಂಕಿಗಳಾಗುತ್ತವೆ. ಆದರೆ ಬರೀ ಕಟ್ ಮಾಡುತ್ತಾ ಹೋದರೆ, ಎಷ್ಟೇ ಸಲ ಮಾಡಿದರೂ, ಸಿಗುವುದು 52 ಬಗೆ ಮಾತ್ರ. ಎಲೆಗಳೆಲ್ಲ ಒಂದು ಬಳೆಯ ಮೇಲೆ ಕೂತಿವೆ ಎಂದುಕೊಳ್ಳಿ. ಕಟ್ ಮಾಡಿದರೆ ಬಳೆ ತಿರುಗುತ್ತದೆ, ಅಕ್ಕಪಕ್ಕದವರು ಬೇರೆಯಾಗುವುದಿಲ್ಲ. ಅಪರೂಪಕ್ಕೊಮ್ಮೆ ಕಟ್ ಸರಿಯಾಗಿ ಆ ಎರಡರ ನಡುವೆಯೇ ಬಿದ್ದು, ಬದಾಮ್ ಸತ್ತಿ ಕೊನೆಯ ಎಲೆಯಾಗಿ ಹೋಗಬಹುದು. ಆಗ ಅವರ ಎಲೆ ಮೊಟ್ಟಮೊದಲನೆಯದು. ಪ್ರೋಗ್ರಾಂ ಬರೆಯುವವರಿಗೆ ಇಂಥ ಅಂಚಿನ ಪ್ರಕರಣಗಳ ಅಭ್ಯಾಸ ಇದ್ದೇ ಇರುತ್ತದೆ.

ಗುಟ್ಟು ಕಲಿಯಲು ಐದು ನಿಮಿಷ ಸಾಕು. ದಿನಗಟ್ಟಲೆ ಹಿಡಿಯುವುದು ಉಳಿದದ್ದು. ಕೆಳಗಿನ ಎಲೆಯನ್ನು ನೋಡುವಾಗ ಕಣ್ಣು ಅಲ್ಲಿ ನಿಲ್ಲಬಾರದು. ಎದುರಿನವರ ಮುಖ ನೋಡಿ ಏನಾದರೂ ಕೇಳಬೇಕು. ಪ್ರಶ್ನೆ ಕೇಳಿದರೆ ಅವರು ನಿಮ್ಮ ಮುಖ ನೋಡುತ್ತಾರೆ, ಕೈ ನೋಡುವುದಿಲ್ಲ. ಅವರ ಎಲೆ ಬಂದ ಕೂಡಲೇ ಕೂಗಬಾರದು. ಇನ್ನೂ ನಾಲ್ಕೈದು ಎಲೆ ಹಾಕಿ, ನಿಧಾನಿಸಿ, "ಇನ್ನು ನಾನು ಮಗುಚುವ ಎಲೆ ನಿಮ್ಮದೇ" ಎನ್ನಬೇಕು. ತಮ್ಮ ಎಲೆ ಆಗಲೇ ಹೋಯಿತಲ್ಲ ಎಂದು ಅವರು ಒಳಗೊಳಗೇ ನಗುತ್ತಾರೆ. ಆಗ ಕೈ ಕಟ್ಟಿನ ಕಡೆ ಹೋಗದೆ ಮೇಜಿನ ಕಡೆ ಹೋಗಿ, ಅಲ್ಲಿ ಬಿದ್ದಿರುವ ಅವರ ಎಲೆಯನ್ನು ಬೋರಲು ಮಾಡಬೇಕು. ಮಕ್ಕಳಿದ್ದರೆ "ಪುನ್ಹಾ ಏಕದಾ!" ಎಂದು ಗಂಟುಬೀಳುವುದು ಖಂಡಿತ. ಒಪ್ಪಬೇಡಿ. ಮುಂದೇನಾಗುತ್ತದೆ ಎಂದು ಗೊತ್ತಿದ್ದವರು ಎರಡನೇ ಸಲ ಎಲ್ಲಿ ನೋಡಬೇಕೋ ಅಲ್ಲೇ ನೋಡುತ್ತಾರೆ.

ಇನ್ನೂ ಒಂದು ಸ್ವಾರಸ್ಯ. ಸ್ವಲ್ಪ ಹೊತ್ತು ಬಿಟ್ಟು ಏನಾಯಿತೆಂದು ಅವರನ್ನೇ ಕೇಳಿ ನೋಡಿ. "ನನ್ನ ಎಲೆ ಒಳಗಿಟ್ಟ ಮೇಲೆ ನಾನೇ ಚೆನ್ನಾಗಿ ಕಲಸಿದೆ" ಎನ್ನುವವರು ಸಿಗುತ್ತಾರೆ. ಕಲಸಿದ್ದು ಮೊದಲು, ಆಮೇಲೆ ಮಾಡಿದ್ದು ಬರೀ ಕಟ್. ಅವರು ಸುಳ್ಳು ಹೇಳುತ್ತಿಲ್ಲ, ನೆನಪು ಹಾಗೆ ಹೆಣೆದುಕೊಂಡಿರುತ್ತದೆ. ಪವಾಡ ಕಣ್ಣಾರೆ ಕಂಡೆ ಎನ್ನುವ ಪ್ರಾಮಾಣಿಕ ಮನುಷ್ಯನ ಮಾತನ್ನೂ ಏಕೆ ಪರೀಕ್ಷಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಸುಲಭದ ಪಾಠ ಇಲ್ಲ.

ಈ ಪಾಠ ಹಳೆಯದು. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಮಾಟಮಂತ್ರದ ನಂಬಿಕೆಯನ್ನು ಪ್ರಶ್ನಿಸಿ ಒಂದು ಪುಸ್ತಕ ಬರೆದ. ಮಾಟಗಾತಿಯರೆಂದು ಬಡ ಹೆಂಗಸರನ್ನು ಕೊಲ್ಲುತ್ತಿದ್ದ ಕಾಲ ಅದು. ಪವಾಡದಂತೆ ಕಾಣುವುದೆಲ್ಲ ಪವಾಡವಲ್ಲ ಎಂದು ತೋರಿಸಲು ಅವನು ಕೈಚಳಕಗಳ ಗುಟ್ಟುಗಳನ್ನು ವಿವರಿಸಿದ. ಇಸ್ಪೀಟಿನ ಕೈಚಳಕಗಳೂ ಅದರಲ್ಲಿವೆ.

ನಾವಿರುವ ಪುಣೆಗೆ ಈ ವಿಷಯ ದೂರದ್ದಲ್ಲ. ಜಾದೂಗಾರ ರಘುವೀರರ ಕುಟುಂಬ ತಲೆಮಾರುಗಳಿಂದ ಜಾದು ಪ್ರದರ್ಶನ ನೀಡುತ್ತಾ ಬಂದಿರುವ ಊರು ಇದು. ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯನ್ನು ಕಟ್ಟಿದ ಡಾ. ನರೇಂದ್ರ ದಾಭೋಳಕರ್ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ವಾಕಿಂಗ್ ಹೊರಟಿದ್ದಾಗ ಓಂಕಾರೇಶ್ವರ ದೇವಸ್ಥಾನದ ಬಳಿಯ ಸೇತುವೆಯ ಮೇಲೆ ಗುಂಡಿಟ್ಟು ಕೊಂದದ್ದೂ ಇದೇ ಊರಿನಲ್ಲಿ. ಆ ಸಮಿತಿಯ ಕಾರ್ಯಕರ್ತರು ಊರೂರು ತಿರುಗಿ, ಬಾಬಾಗಳ ಪವಾಡಗಳನ್ನು ತಾವೇ ಮಾಡಿ ತೋರಿಸಿ, ಹೇಗೆ ಮಾಡಿದೆವೆಂದು ಹೇಳಿಕೊಡುತ್ತಾರೆ. ನಮ್ಮಲ್ಲಿ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಹುಲಿಕಲ್ ನಟರಾಜ್ ಪವಾಡ ಬಯಲು ಕಾರ್ಯಕ್ರಮಗಳನ್ನು ನಡೆಸುತ್ತಾ ಬಂದಿದ್ದಾರೆ.

ಜಾದೂಗಾರನಿಗೂ ಬಾಬಾನಿಗೂ ಕೈಯಲ್ಲಿ ವ್ಯತ್ಯಾಸ ಇಲ್ಲದಿರಬಹುದು, ಮಾತಿನಲ್ಲಿ ಇದೆ. ಜಾದೂಗಾರ "ನಿಮ್ಮನ್ನು ಮೋಸಗೊಳಿಸುತ್ತೇನೆ" ಎಂದು ಮೊದಲೇ ಹೇಳಿ ಮೋಸಗೊಳಿಸುತ್ತಾನೆ. ಓದಿದವರು ಮೋಸ ಹೋಗುವುದಿಲ್ಲ ಎಂಬ ನಂಬಿಕೆ ನಮ್ಮಂಥವರಲ್ಲಿ ಗಟ್ಟಿಯಾಗಿದೆ. ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ ಈ ಎಲೆಯಾಟ ತೋರಿಸಿದರೆ ಆ ನಂಬಿಕೆ ಸಡಿಲವಾಗುತ್ತದೆ. ಎಂಜಿನಿಯರುಗಳು ಕನ್ನಡಿ, ಗುರುತು ಮಾಡಿದ ಎಲೆ, ಲೆಕ್ಕಾಚಾರ ಎಂದು ದೊಡ್ಡ ಗುಟ್ಟನ್ನೇ ಹುಡುಕುತ್ತಾರೆ. ಒಂದು ಎಲೆಯನ್ನು ಇಣುಕಿ ನೋಡಿರಬಹುದು ಎಂಬ ಸಣ್ಣ ಉತ್ತರ ಅವರಿಗೆ ಅವಮಾನದಂತೆ ಕಾಣುತ್ತದೆ.

ತುಳಶೀಬಾಗಿನ ಆಟಿಕೆ ಅಂಗಡಿಗೆ ಹೋದರೆ ಒಂದು ಕಟ್ಟು ತನ್ನಿ. ಮೊದಲು ಮನೆಯವರ ಮುಂದೆ ಮಾಡಿ ತೋರಿಸಿ. ಮಕ್ಕಳಿಗೆ ಮಾತ್ರ ಒಂದು ವಾರ ತಲೆ ಕೆಡಿಸಿಕೊಳ್ಳಲು ಬಿಟ್ಟು, ಆಮೇಲೆ ಗುಟ್ಟು ಕಲಿಸಿ. ನಾಳೆ ಯಾರಾದರೂ ಬರಿಗೈಯಿಂದ ವಿಭೂತಿ ಉದುರಿಸಿದರೆ, ಕೈ ಮುಗಿಯುವ ಮೊದಲು ಆ ಕೈ ಅದಕ್ಕೂ ಮುಂಚೆ ಎಲ್ಲಿತ್ತು ಎಂದು ಅವರು ಕೇಳಲಿ.