ಗ್ವೆನ್ ಸತ್ತದ್ದು ಹೇಗೆ ಎಂದು ಕೇಳಿದವರಿಗೆ

‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸ್‌ನ 121ನೇ ಸಂಚಿಕೆ 1973ರ ಜೂನ್ ತಿಂಗಳಿನದು. ಗೆರಿ ಕಾನ್ವೇ ಕಥೆ, ಗಿಲ್ ಕೇನ್ ಚಿತ್ರ. ಗ್ರೀನ್ ಗಾಬ್ಲಿನ್ ಎಂಬ ಖಳ, ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ಪಾರ್ಕರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ನ್ಯೂಯಾರ್ಕಿನ ಸೇತುವೆಯೊಂದರ ಗೋಪುರದ ತುದಿಯಿಂದ ಕೆಡವುತ್ತಾನೆ. ಸ್ಪೈಡರ್‌ಮ್ಯಾನ್ ಬಲೆಯ ಎಳೆ ಬೀಸುತ್ತಾನೆ; ಅದು ಅವಳ ಕಾಲಿಗೆ ಅಂಟಿಕೊಳ್ಳುತ್ತದೆ. ಅವಳು ನೀರಿಗೆ ಬೀಳುವುದಿಲ್ಲ. ಉಳಿಸಿಕೊಂಡೆನೆಂಬ ಹುರುಪಿನಲ್ಲಿ ಮೇಲೆಳೆದುಕೊಳ್ಳುತ್ತ ಅವಳನ್ನು ಮಾತಾಡಿಸುತ್ತಾನೆ. ಉತ್ತರ ಬರುವುದಿಲ್ಲ. ಬಲೆ ಬಿಗಿಯಾದ ಆ ಒಂದು ಚೌಕವನ್ನು ಮತ್ತೆ ನೋಡಿದರೆ ಅವಳ ಕುತ್ತಿಗೆಯ ಪಕ್ಕದಲ್ಲಿ ಪುಟ್ಟದಾಗಿ ‘ಸ್ನ್ಯಾಪ್’ ಎಂದು ಬರೆದಿರುವುದು ಕಾಣುತ್ತದೆ. ಗಾಬ್ಲಿನ್ ಮಾತ್ರ ಬೇರೆಯೇ ಹೇಳುತ್ತಾನೆ: ಬಲೆ ಮುಟ್ಟುವ ಮೊದಲೇ ಅವಳು ಸತ್ತಿದ್ದಳು, ಅಷ್ಟೆತ್ತರದಿಂದ ಬೀಳುವವರು ನೆಲ ಮುಟ್ಟುವ ಮೊದಲೇ ಸಾಯುತ್ತಾರೆ ಎಂದು. ಚಿತ್ರ ಒಂದು ಹೇಳುತ್ತಿದೆ, ಮಾತು ಇನ್ನೊಂದು. ಓದುಗರು ಕೇಳಿದರು: ಅವಳನ್ನು ಕೊಂದದ್ದು ಯಾವುದು?

ಸಂಪಾದಕರ ಉತ್ತರ ಬಂದದ್ದು ಅದೇ ವರ್ಷ ಅಕ್ಟೋಬರ್‌ನ 125ನೇ ಸಂಚಿಕೆಯ ಪತ್ರ ವಿಭಾಗದಲ್ಲಿ. ಬಲೆ ಅವಳನ್ನು ಒಮ್ಮೆಲೇ ತಡೆದಾಗ ಆದ ಜಗ್ಗುವಿಕೆಯೇ ಸಾವಿಗೆ ಕಾರಣ ಎಂದು ಅವರು ನೋವಿನಿಂದಲೇ ಒಪ್ಪಿಕೊಂಡರು. ಲೆಕ್ಕ ಹಾಕಿದರೂ ಅದೇ ಬರುತ್ತದೆ. 90 ಮೀಟರ್ ಬಿದ್ದಳೆಂದು ಇಟ್ಟುಕೊಳ್ಳಿ. ಗಾಳಿಯ ತಡೆಯನ್ನು ಬಿಟ್ಟರೆ ವೇಗ ಗಂಟೆಗೆ ಸುಮಾರು 150 ಕಿಲೋಮೀಟರ್. ಬರೀ ಬೀಳುವುದರಿಂದ ಯಾರೂ ಸಾಯುವುದಿಲ್ಲ, ವಿಮಾನದಿಂದ ಹಾರಿ ಪ್ಯಾರಾಚೂಟ್ ಬಿಚ್ಚುವವರು ಇದಕ್ಕಿಂತ ವೇಗವಾಗಿ ಬಿದ್ದೂ ನಗುತ್ತ ಇಳಿಯುತ್ತಾರೆ. ಆದರೆ ಆ ವೇಗವನ್ನು ಅರ್ಧ ಸೆಕೆಂಡಿನಲ್ಲಿ ಸೊನ್ನೆಗೆ ಇಳಿಸಿದರೆ ಗುರುತ್ವದ ಎಂಟು ಪಟ್ಟಿಗೂ ಮಿಕ್ಕಿದ ಸೆಳೆತ ಮೈಮೇಲೆ ಬರುತ್ತದೆ. ಕಾಲು ಮೇಲಾಗಿ, ತಲೆ ಕೆಳಗಾಗಿ ಜೋತವಳ ಕುತ್ತಿಗೆ ಅದನ್ನು ತಾಳಬೇಕು. ಬಾವಿಗೆ ಸರ್ರನೆ ಬಿಟ್ಟ ಮಣ್ಣಿನ ಕೊಡದ ಹಗ್ಗವನ್ನು ನಡುವೆ ಗಪ್ಪನೆ ಹಿಡಿದರೆ ಕಂಠ ಕಳಚಿಕೊಂಡು ಹೋದಂತೆ. ಮೆಲ್ಲಗೆ, ಮೂರು ಸೆಕೆಂಡು ಎಳೆದು ನಿಲ್ಲಿಸಿದ್ದರೆ ಅವಳು ಬದುಕುತ್ತಿದ್ದಳು. ಅದಕ್ಕೆ ಇನ್ನೂ 60 ಮೀಟರ್‌ಗೂ ಹೆಚ್ಚು ಜಾಗ ಬೇಕಿತ್ತು. ಮಿನೆಸೋಟ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಜೇಮ್ಸ್ ಕಕಾಲಿಯೋಸ್ ಈ ಸಾವನ್ನೇ ಉದಾಹರಣೆಯಾಗಿ ಹಿಡಿದು ವಿದ್ಯಾರ್ಥಿಗಳಿಗೆ ನ್ಯೂಟನ್ನನ ನಿಯಮ ಕಲಿಸಿದರು. 2005ರಲ್ಲಿ ಬಂದ ಅವರ ‘ದಿ ಫಿಸಿಕ್ಸ್ ಆಫ್ ಸೂಪರ್‌ಹೀರೋಸ್’ ಪುಸ್ತಕದಲ್ಲೂ ಅದಿದೆ.

ಈ ಉತ್ತರದ ದೊಡ್ಡತನ ಅದರ ವಿಜ್ಞಾನಕ್ಕಿಂತ ಹೆಚ್ಚಾಗಿ ಅದರ ಪ್ರಾಮಾಣಿಕತೆಯಲ್ಲಿದೆ. ಸಂಪಾದಕರಿಗೆ ಸುಲಭದ ದಾರಿ ಇತ್ತು. ಖಳನ ಮಾತನ್ನೇ ನಿಜವೆಂದು ಹೇಳಿದ್ದರೆ ನಾಯಕನ ಕೈ ಶುಭ್ರವಾಗಿ ಉಳಿಯುತ್ತಿತ್ತು, ಮಾರಾಟದ ಸರಕಿಗೂ ಕಳಂಕ ತಟ್ಟುತ್ತಿರಲಿಲ್ಲ. ಅವರು ಪುಟದಲ್ಲಿ ಅಚ್ಚಾದ ಅಕ್ಷರಕ್ಕೆ ನಿಷ್ಠರಾಗಿ, ಕಾಪಾಡಲು ಚಾಚಿದ ಕೈಯೇ ಕೊಂದಿತು ಎಂದರು. ಅಲ್ಲಿಂದ ಮುಂದೆ ಸ್ಪೈಡರ್‌ಮ್ಯಾನ್ ಹೊತ್ತ ಭಾರವೇ ಬೇರೆಯಾಯಿತು. ಅಭಿಮಾನಿಯ ಪ್ರಶ್ನೆಗೆ ಕೊಡುವ ಉತ್ತರವನ್ನು ಅಳೆಯುವ ಕೋಲು ನನ್ನ ಪಾಲಿಗೆ ಇದು: ಉತ್ತರ ಕಥೆಯನ್ನು ಇನ್ನಷ್ಟು ಕಷ್ಟಕ್ಕೆ, ಆಳಕ್ಕೆ ಒಯ್ಯುತ್ತದೆಯೋ, ಬರೆದವರನ್ನು ಪೇಚಿನಿಂದ ಪಾರುಮಾಡಿ ಕೈತೊಳೆದುಕೊಳ್ಳುತ್ತದೆಯೋ? ಕನ್ನಡದವರಿಗೆ ಇದು ಹೊಸ ಮಾತಲ್ಲ. ತಾಳಮದ್ದಳೆಯ ‘ವಾಲಿವಧೆ’ಯಲ್ಲಿ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತು ಆ ಪ್ರಶ್ನೆ ಎತ್ತಿದಾಗ, ಎದುರಿನ ರಾಮ ‘ಕವಿ ಹಾಗೆ ಬರೆದಿದ್ದಾನೆ’ ಎಂದು ಜಾರಿಕೊಳ್ಳುವಂತಿರಲಿಲ್ಲ. ಪ್ರಸಂಗದ ಒಳಗಿಂದಲೇ, ಪಾತ್ರದ ಬಾಯಿಂದಲೇ ಉತ್ತರ ಹೊರಡಬೇಕು. ಸಭೆ ರಾತ್ರಿಯಿಡೀ ಕೂತು ಕಾಯುತ್ತಿದ್ದದ್ದು ಅದಕ್ಕೇ.

ಕೆಟ್ಟ ಉತ್ತರ ಹೇಗಿರುತ್ತದೆ ಎಂಬುದಕ್ಕೆ ಸೂಪರ್‌ಮ್ಯಾನ್‌ನ ಕನ್ನಡಕ ಸಾಕು. ಬರೀ ಕನ್ನಡಕ ಹಾಕಿಕೊಂಡ ಮಾತ್ರಕ್ಕೆ ಕ್ಲಾರ್ಕ್ ಕೆಂಟ್ ಎಂಬ ಹೆಸರಲ್ಲಿ ಬದುಕುವ ಅವನು ಯಾರೆಂದು ಜೊತೆಯಲ್ಲೇ ಕೆಲಸ ಮಾಡುವ ಲೋಯಿಸ್ ಲೇನ್‌ಗೆ ಗೊತ್ತಾಗುವುದಿಲ್ಲವೇ? ಈ ಪಾತ್ರ ಹುಟ್ಟಿದಂದಿನಿಂದ ಬೆನ್ನುಹತ್ತಿರುವ ಪ್ರಶ್ನೆ ಇದು. 1978ರಲ್ಲಿ ‘ಸೂಪರ್‌ಮ್ಯಾನ್’ 330ನೇ ಸಂಚಿಕೆ, ಓದುಗನೊಬ್ಬನ ಸಲಹೆಯನ್ನೇ ಎತ್ತಿಕೊಂಡು, ಉತ್ತರ ಕೊಟ್ಟಿತು: ಹುಟ್ಟಿದ ಗ್ರಹ ಕ್ರಿಪ್ಟನ್ನಿನಿಂದ ಅವನನ್ನು ಹೊತ್ತು ತಂದ ನೌಕೆಯ ಗಾಜಿನಿಂದ ಮಾಡಿದ ಆ ಕನ್ನಡಕ, ಅವನಿಗೇ ಅರಿವಿಲ್ಲದ ಸಂಮೋಹನ ಶಕ್ತಿಯನ್ನು ಹೆಚ್ಚಿಸುತ್ತದೆ, ನೋಡಿದವರ ಕಣ್ಣಿಗೆ ಕ್ಲಾರ್ಕ್ ಬಡಕಲಾಗಿ ಕಾಣುತ್ತಾನೆ. ಒಂದು ತೂತು ಮುಚ್ಚಲು ಹೋಗಿ ಹತ್ತು ತೂತು ಬಿದ್ದವು. ಆಗಿನ ಕಥೆಗಳಲ್ಲಿ ಕ್ಲಾರ್ಕ್ ಟಿವಿಯಲ್ಲಿ ವಾರ್ತೆ ಓದುವವನು. ಹಾಗಾದರೆ ನೋಡುವ ಊರಿಗೆ ಊರೇ ದಿನಾ ಸಂಮೋಹನಕ್ಕೆ ಒಳಗಾಗುತ್ತಿತ್ತೇ? ಸತ್ಯಕ್ಕೆ ಹೆಸರಾದವನ ಇಡೀ ಬದುಕು ಇತರರ ಬುದ್ಧಿಗೆ ಕವಿಸಿದ ಮಂಕಿನ ಮೇಲೆ ನಿಂತಿದೆಯೇ? ಮುಂದಿನ ಕಥೆಗಾರರು ಇದನ್ನು ಕೈಬಿಟ್ಟದ್ದು ಸಹಜವೇ.

ಅದೇ ವರ್ಷ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ‘ಸೂಪರ್‌ಮ್ಯಾನ್’ ಸಿನಿಮಾದಲ್ಲಿ ಕ್ರಿಸ್ಟೋಫರ್ ರೀವ್ ಇದೇ ಪ್ರಶ್ನೆಗೆ ಮಾತಿಲ್ಲದೆ ಉತ್ತರ ಕೊಟ್ಟರು. ಲೋಯಿಸ್‌ಳ ಮನೆಯಲ್ಲಿ ಅವಳು ಒಳಗೆ ಹೋದಾಗ ಕ್ಲಾರ್ಕ್ ಕನ್ನಡಕ ತೆಗೆಯುತ್ತಾನೆ. ಬಾಗಿದ್ದ ಬೆನ್ನು ನೆಟ್ಟಗಾಗುತ್ತದೆ, ಮುದುಡಿದ್ದ ಹೆಗಲು ಅಗಲವಾಗುತ್ತದೆ, ದನಿ ತಗ್ಗಿ ಗಟ್ಟಿಯಾಗುತ್ತದೆ. ನಿಜ ಹೇಳಿಬಿಡುವ ಹೊತ್ತಿಗೆ ಧೈರ್ಯ ಸಾಲದೆ ಮತ್ತೆ ಕನ್ನಡಕ ಏರಿಸಿ ಕುಗ್ಗುತ್ತಾನೆ. ಕನ್ನಡಕ ನೆಪ, ವೇಷವೆಲ್ಲ ಮೈಯಲ್ಲೇ ಇದೆ ಎಂಬುದು ಅರಿವಾಗುತ್ತದೆ. ಅದರ ಜೊತೆಗೇ ಆ ಮನುಷ್ಯನ ಒಂಟಿತನವೂ ತಟ್ಟುತ್ತದೆ. ಸಂಚಿಕೆಯ ಉತ್ತರ ಪ್ರಶ್ನೆ ಕೇಳಿದವನ ಬಾಯಿ ಮುಚ್ಚಿಸಲು ಹೊರಟಿತ್ತು. ಸಿನಿಮಾದ ಉತ್ತರ ಪಾತ್ರವನ್ನು ತೆರೆದು ತೋರಿಸಿತು.

ತಪ್ಪಾದಾಗ ತಪ್ಪು ಎನ್ನುವುದೂ ಉತ್ತರವೇ. 1964ರಲ್ಲಿ ‘ಫೆಂಟಾಸ್ಟಿಕ್ ಫೋರ್’ 25ನೇ ಸಂಚಿಕೆಯಲ್ಲಿ ಹಲ್ಕ್‌ನ ನಿಜನಾಮ ಬ್ರೂಸ್ ಬ್ಯಾನರ್ ಎನ್ನುವ ಬದಲು ಕಥೆಗಾರ ಸ್ಟ್ಯಾನ್ ಲೀ ಬಾಬ್ ಬ್ಯಾನರ್ ಎಂದು ಬರೆದುಬಿಟ್ಟರು. ಓದುಗರು ಹಿಡಿದರು. ಅದೇ ವರ್ಷದ 28ನೇ ಸಂಚಿಕೆಯಲ್ಲಿ ಲೀ, ಇನ್ನು ಮುಂದೆ ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್, ಹೇಗೆ ಕರೆದರೂ ತಪ್ಪಾಗದು ಎಂದು ಬಹಿರಂಗವಾಗಿ ಸಾರಿದರು. ಇಂದಿಗೂ ಅವನ ಹೆಸರು ಅದೇ. ಸ್ಪೈಡರ್‌ಮ್ಯಾನ್, ಹಲ್ಕ್ ಕಥೆಗಳ ಪ್ರಕಾಶಕ ಸಂಸ್ಥೆ ಮಾರ್ವೆಲ್ ಇಂಥ ತಪ್ಪು ಹುಡುಕಿ, ಅದಕ್ಕೆ ಕಥೆಯೊಳಗೇ ಒಪ್ಪುವ ಸಮರ್ಥನೆಯನ್ನೂ ಕೊಡುವ ಓದುಗರಿಗೆ ‘ನೋ-ಪ್ರೈಜ್’ ಎಂಬ ಬಹುಮಾನ ಕೊಡುತ್ತಿತ್ತು. ಅಂಚೆಯಲ್ಲಿ ಬರುತ್ತಿದ್ದದ್ದು ಬರೀ ಖಾಲಿ ಲಕೋಟೆ. ಒಳಗೆ ಬಹುಮಾನವಿದೆ ಎಂದು ಮೇಲೆ ಅಚ್ಚಾಗಿರುತ್ತಿತ್ತು. ಅದನ್ನು ಜನ ಜೋಪಾನವಾಗಿ ಇಟ್ಟುಕೊಂಡರು. ನಿನ್ನ ಓದನ್ನು ನಾವು ಗಮನಿಸಿದ್ದೇವೆ ಎಂಬ ಮಾತಿಗೆ ಇರುವ ಬೆಲೆ ಅದು. ಮಿಸೌರಿಯಲ್ಲಿ ಮೇಷ್ಟರಾಗಿದ್ದು ಕಾಮಿಕ್ಸ್ ಕಚೇರಿಗಳಿಗೆ ಕಾಗದದ ಮೇಲೆ ಕಾಗದ ಬರೆಯುತ್ತಿದ್ದ ರಾಯ್ ಥಾಮಸ್ 1972ರಲ್ಲಿ ಮಾರ್ವೆಲ್‌ನ ಪ್ರಧಾನ ಸಂಪಾದಕರೇ ಆದರು. ಗ್ವೆನ್ ಸತ್ತಾಗ ಆ ಕುರ್ಚಿಯಲ್ಲಿದ್ದವರು ಅವರೇ. ಪ್ರಶ್ನೆ ಕೇಳಿದವನೇ ಉತ್ತರ ಕೊಡುವ ಜಾಗಕ್ಕೆ ಬಂದಿದ್ದ.

ಇಷ್ಟಾದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ: ಇದೆಲ್ಲ ಕಟ್ಟುಕಥೆ, ಇಲ್ಲದವರ ಸಾವಿಗೆ ಕಾರಣ ಹುಡುಕುವುದೇಕೆ? ಥಾರ್ ಮತ್ತು ಹಲ್ಕ್ ಹೊಡೆದಾಡಿದರೆ ಗೆಲ್ಲುವವರು ಯಾರು ಎಂಬಂಥ ಪ್ರಶ್ನೆಗೆ ಸ್ಟ್ಯಾನ್ ಲೀ, ಬರೆಯುವವನು ಯಾರನ್ನು ಗೆಲ್ಲಿಸುತ್ತಾನೋ ಅವನು ಎನ್ನುತ್ತಿದ್ದರು. ಆ ಪ್ರಶ್ನೆಯ ಮಟ್ಟಿಗೆ ಅದು ಸರಿ, ಏಕೆಂದರೆ ಅದು ಇನ್ನೂ ಬರೆಯದ ಪುಟದ ಬಗ್ಗೆ ಕೇಳಿದ್ದು. ಗ್ವೆನ್ ಸತ್ತದ್ದು ಹೇಗೆ ಎಂಬುದು ಅಚ್ಚಾದ ಪುಟದ ಬಗ್ಗೆ ಕೇಳಿದ್ದು. ಅಲ್ಲಿ ಬರೆದವನ ಮರ್ಜಿ ಮುಗಿದು ಓದುಗನ ಹಕ್ಕು ಶುರುವಾಗಿರುತ್ತದೆ. ಎರಡನ್ನೂ ಒಂದೇ ಕೋಲಿನಲ್ಲಿ ತಳ್ಳಿಬಿಡುವುದು ಸೋಮಾರಿತನ. ಹಾಗೆಂದು ಬರೆಯದ ಪುಟವನ್ನು ಓದುಗರ ಕೈಗೇ ಒಪ್ಪಿಸುವುದೂ ಉತ್ತರವಲ್ಲ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರ, ಎರಡನೇ ರಾಬಿನ್ ಜೇಸನ್ ಟಾಡ್ ಬದುಕಬೇಕೇ ಸಾಯಬೇಕೇ ಎಂದು ಡಿಸಿ ಸಂಸ್ಥೆ ಫೋನ್ ಮೂಲಕ ಮತ ಕೇಳಿತು, ಒಂದು ಕರೆಗೆ 50 ಸೆಂಟ್. ಸಾಯಲಿ ಎಂದವು 5,343 ಕರೆ, ಬದುಕಲಿ ಎಂದವು 5,271. 72 ಮತಗಳಿಂದ ಒಬ್ಬ ಹುಡುಗ ಸತ್ತ. ಆ ಸಾವಿನ ಹೊಣೆ ಹೊರಲು ಅಲ್ಲಿ ಯಾರೂ ಉಳಿಯಲಿಲ್ಲ.

ವಿವರಿಸಿದರೆ ಬೆರಗು ಸಾಯುತ್ತದೆ ಎನ್ನುವವರಿದ್ದಾರೆ. 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ ತೆಗೆದು ನೋಡಿ. ಸೂಪರ್‌ಮ್ಯಾನ್ ಕಾಣಿಸಿಕೊಂಡ ಮೊಟ್ಟಮೊದಲ ಪುಟದಲ್ಲೇ ಜೆರ್ರಿ ಸೀಗೆಲ್, ಜೋ ಶೂಸ್ಟರ್ ವಿವರಣೆ ಕೊಟ್ಟಿದ್ದಾರೆ: ಇರುವೆ ತನ್ನ ತೂಕದ ನೂರಾರು ಪಟ್ಟು ಹೊರುತ್ತದೆ, ಮಿಡತೆ ತನ್ನ ಮೈಯಳತೆಗೆ ಮೀರಿದ ದೂರ ನೆಗೆಯುತ್ತದೆ, ಹಾಗೆಯೇ ಇವನೂ. ಯಾರೂ ಕೇಳುವ ಮುಂಚೆಯೇ ಕೊಟ್ಟ ಉತ್ತರವಿದು. ಅದು ತಪ್ಪು. ಪ್ರಾಣಿಯ ಉದ್ದ ಹತ್ತು ಪಟ್ಟಾದರೆ ಸ್ನಾಯುವಿನ ಅಡ್ಡಳತೆ ನೂರು ಪಟ್ಟು, ತೂಕ ಸಾವಿರ ಪಟ್ಟು ಆಗುತ್ತದೆ. ಮನುಷ್ಯನಷ್ಟು ದೊಡ್ಡದಾದ ಇರುವೆ ತನ್ನ ಮೈಯನ್ನೇ ಎತ್ತಲಾರದು. ಮುಂದೆ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲೇ ಪ್ರಾಣಿಗಳ ಗಾತ್ರದ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಲೆಕ್ಕ ಬಿಡಿಸಿ ತೋರಿಸಿದ್ದರು. ಉತ್ತರ ತಪ್ಪಾದರೂ ಬೆರಗು ಸಾಯಲಿಲ್ಲ. ಮುಂದಿನವರು ಕ್ರಿಪ್ಟನ್ನಿನ ಭಾರೀ ಗುರುತ್ವ ಎಂದರು, ಆಮೇಲೆ ನಮ್ಮ ಹಳದಿ ಸೂರ್ಯ ಎಂದರು. ಪ್ರತಿ ಸಲವೂ ಅವನ ಶಕ್ತಿಗೆ ಹೊಸ ಮಿತಿ ಬಂತು, ಮಿತಿಯಿಂದ ಹೊಸ ಕಥೆ ಬಂತು.

ಎಲ್ಲಕ್ಕಿಂತ ತೂಕದ ಆಕ್ಷೇಪ ಬೇರೆ. ಕೇಳುವವರೇ ಕಾವಲುಗಾರರಾಗಿಬಿಡುತ್ತಾರೆ. ಹೊಸದಾಗಿ ಬಂದವರನ್ನು, ಅದರಲ್ಲೂ ಹುಡುಗಿಯರನ್ನು, ಸಂಚಿಕೆ ಸಂಖ್ಯೆ ಹೇಳು ನೋಡೋಣ ಎಂದು ಪರೀಕ್ಷೆಗೆ ಒಡ್ಡುವವರಿದ್ದಾರೆ. ಪಾತ್ರದ ಬಣ್ಣವೋ ಊರೋ ಬದಲಾದರೆ ಇದು ಮೂಲದಲ್ಲಿಲ್ಲ ಎಂದು ಎಗರುವವರಿದ್ದಾರೆ. ಇದು ನಿಜ, ಇದರಿಂದ ಜನ ನೊಂದಿದ್ದಾರೆ. ಆದರೆ ಅದು ಪ್ರಶ್ನೆಯ ವೇಷ ತೊಟ್ಟ ತೀರ್ಪು. ಉತ್ತರ ಕೇಳಿಸಿಕೊಳ್ಳುವ ತಾಳ್ಮೆ ಇಲ್ಲದ್ದು ಪ್ರಶ್ನೆಯೇ ಅಲ್ಲ. ಅಂಥವರಿಗೆ ಕಥೆಯೊಳಗಿಂದಲೇ ಉತ್ತರ ಕೊಡಬಹುದು ಎಂಬುದನ್ನು 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ತೋರಿಸಿತು. 2004ರಲ್ಲಿ ಭಾರತದ ಓದುಗರಿಗಾಗಿ ಹುಟ್ಟಿದ ಪವಿತ್ರ್ ಪ್ರಭಾಕರ್ ಅದರಲ್ಲಿ ಮುಂಬಾಟ್ಟನ್ ಎಂಬ ನಗರದ ಸ್ಪೈಡರ್‌ಮ್ಯಾನ್. ಅವನ ಗೆಳತಿಯ ತಂದೆ, ಪೊಲೀಸ್ ಅಧಿಕಾರಿ, ಸಾಯಲೇಬೇಕು. 1970ರ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ 90ನೇ ಸಂಚಿಕೆಯಲ್ಲಿ ಗ್ವೆನ್‌ಳ ತಂದೆ ಕ್ಯಾಪ್ಟನ್ ಸ್ಟೇಸಿ ಸತ್ತಂತೆ ಪ್ರತಿ ಲೋಕದಲ್ಲೂ ಹೀಗೇ ನಡೆಯಬೇಕು ಎಂಬುದು ಕಾವಲುಗಾರರ ಕಟ್ಟಳೆ. ಮೈಲ್ಸ್ ಮೊರಾಲೆಸ್ ಎಂಬ ಹುಡುಗ ಅದನ್ನು ಮೀರಿ ಅಧಿಕಾರಿಯನ್ನು ಉಳಿಸುತ್ತಾನೆ. ನಡೆದದ್ದು ಮತ್ತೆ ಮತ್ತೆ ನಡೆಯಲೇಬೇಕೇ ಎಂದು ಅವನು ಕೇಳುವುದು ಕಥೆಯನ್ನು ಮನಸಾರೆ ಪ್ರೀತಿಸಿದವರು ಮಾತ್ರ ಕೇಳಬಲ್ಲ ಪ್ರಶ್ನೆ.

ಹಾಗಾಗಿ ಅತಿ ಸಣ್ಣದೆಂದು ಕಾಣುವ ಪ್ರಶ್ನೆಯನ್ನೂ ತಳ್ಳಿಹಾಕಬಾರದು. ಗ್ವೆನ್ ಸತ್ತ 121ನೇ ಸಂಚಿಕೆಯಲ್ಲೇ ಅಂಥದ್ದೊಂದಿದೆ. ಮಾತಿನಲ್ಲಿ ಬರುವ ಹೆಸರು ಜಾರ್ಜ್ ವಾಷಿಂಗ್ಟನ್ ಸೇತುವೆ, ಚಿತ್ರದಲ್ಲಿರುವುದು ಬ್ರೂಕ್ಲಿನ್ ಸೇತುವೆಯ ಕಲ್ಲಿನ ಕಮಾನು. ಯಾವುದು ನಿಜ ಎಂದು ಐವತ್ತು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಬರೀ ಹಟದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಬ್ರೂಕ್ಲಿನ್ ಗೋಪುರ ನೀರಿನಿಂದ ಸುಮಾರು 84 ಮೀಟರ್ ಎತ್ತರ, ಜಾರ್ಜ್ ವಾಷಿಂಗ್ಟನ್ ಗೋಪುರ ಸುಮಾರು 184 ಮೀಟರ್. ಪೂರ್ತಿ ಎತ್ತರ ಬಿದ್ದರೆ ಒಂದರಲ್ಲಿ ವೇಗ ಗಂಟೆಗೆ ಸುಮಾರು 146 ಕಿಲೋಮೀಟರ್, ಇನ್ನೊಂದರಲ್ಲಿ 216. ಮೊದಲನೆಯದರಲ್ಲಿ ಬಲೆ ಬೀಸಲು ಸ್ಪೈಡರ್‌ಮ್ಯಾನ್‌ಗೆ ಸಿಕ್ಕಿದ್ದು ನಾಲ್ಕು ಸೆಕೆಂಡಿಗೆ ತುಸು ಹೆಚ್ಚು. ಎರಡನೆಯದರಲ್ಲಿ ಆರು ಸೆಕೆಂಡು, ಮೆಲ್ಲಗೆ ಎಳೆದು ನಿಲ್ಲಿಸಲು ಮತ್ತೆ ನೂರು ಮೀಟರ್ ಜಾಗ. ಅವನು ಅವಳನ್ನು ಉಳಿಸಬಹುದಿತ್ತೇ ಎಂಬ ಪ್ರಶ್ನೆಯ ಉತ್ತರ ಅದು ಯಾವ ಸೇತುವೆ ಎಂಬುದರ ಮೇಲೆ ನಿಂತಿದೆ.