ಮನೆ ಬದಲಾಯಿಸಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಬಾಡಿಗೆಯ ಮನೆಯಿಂದ ಬಾಡಿಗೆಯ ಮನೆಗೆ ಸಂಸಾರವನ್ನು ಹೊತ್ತು ತಿರುಗುವ ಈ ಕಾಲದವರನ್ನು ಅವರು ಕಂಡಿದ್ದರೆ, ‘ಮನೆ ಬದಲಾಯಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೇನೋ! ಮದುವೆಗೆ ಬಂಧುಬಳಗ ನೆರೆಯುತ್ತದೆ; ಮನೆ ಕಟ್ಟುವುದಕ್ಕೆ ಮೇಸ್ತ್ರಿಯಿರುತ್ತಾನೆ. ಮನೆ ಬದಲಾಯಿಸುವ ದಿನ ಮಾತ್ರ ಗಂಡಹೆಂಡಿರಿಬ್ಬರೇ ನಡುಮನೆಯಲ್ಲಿ ನಿಂತು, ಇಷ್ಟೊಂದು ಸಾಮಾನು ಎಲ್ಲಿಂದ ಬಂದು ಸೇರಿತೆಂದು ಒಬ್ಬರ ಮುಖವನ್ನೊಬ್ಬರು ನೋಡಬೇಕಾಗುತ್ತದೆ.

ಅರಮನೆಯವರಿಗೂ ಈ ಕಷ್ಟ ತಪ್ಪಲಿಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಅಗ್ನಿಗೆ ಆಹುತಿಯಾಗಲು, ರಾಜಪರಿವಾರ ಜಗನ್ಮೋಹನ ಅರಮನೆಯನ್ನು ಆಶ್ರಯಿಸಬೇಕಾಯಿತು. ಇಂದು ನಾವು ಕಾಣುವ ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ಬೆಂಕಿ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ನಮಗಾದರೋ ಸಾಮಾನ್ಯವಾಗಿ ಒಂದೆರಡು ತಿಂಗಳ ಅವಧಿ ಇದ್ದೇ ಇರುತ್ತದೆ. ಇದ್ದ ಅವಧಿಯನ್ನೆಲ್ಲ ಮಾತಿನಲ್ಲಿ ಕಳೆದು, ಕಡೆಯ ರಾತ್ರಿ ಗಂಟುಮೂಟೆ ಕಟ್ಟಲು ಕುಳಿತರೆ, ಒಡೆಯಬಾರದ್ದು ಒಡೆಯುತ್ತದೆ, ಕಳೆಯಬಾರದ್ದು ಕಳೆಯುತ್ತದೆ.

ಮೊದಲು ದಿನದ ವಿಚಾರ. ಆಷಾಢದಲ್ಲಿ ಮನೆ ಬದಲಾಯಿಸಬಾರದೆಂಬ ನಂಬಿಕೆ ನಮ್ಮ ಊರಿನಲ್ಲಿ ಬಲವಾಗಿದೆ. ಅದರ ಫಲವಾಗಿ ಆಷಾಢಕ್ಕೆ ಮುಂಚಿನ ವಾರಗಳಲ್ಲಿಯೂ ಶ್ರಾವಣದ ಮೊದಲಿನಲ್ಲಿಯೂ ಲಾರಿಗೆ, ಆಳುಗಳಿಗೆ ನೂಕುನುಗ್ಗಲು. ಇದಕ್ಕೊಂದು ಸುಲಭೋಪಾಯವುಂಟು. ಒಳ್ಳೆಯ ಮುಹೂರ್ತದಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸಿ ಬನ್ನಿ. ಸಾಮಾನನ್ನು ಅನುಕೂಲವಾದ ಮತ್ತೊಂದು ದಿನ ಸಾಗಿಸಿ. ಸಂಪ್ರದಾಯವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಮೇ ತಿಂಗಳಾದರೆ ಬೆಳಗಿನಲ್ಲಿಯೇ ಕೆಲಸ ಮುಗಿಸುವುದು ಲೇಸು. ಮೈಸೂರಿನಲ್ಲಿ ಆ ತಿಂಗಳ ಮಳೆ ಹೆಚ್ಚಾಗಿ ಸಂಜೆಯ ಮಳೆ. ತೆರೆದ ಲಾರಿಯ ಮೇಲಿನ ಹಾಸಿಗೆಯನ್ನು ಕಂಡು ಅದು ಕನಿಕರ ತೋರುವುದಿಲ್ಲ.

ಇನ್ನು ಕಟ್ಟುವ ವಿದ್ಯೆ. ಇದನ್ನು ಮೈಸೂರಿನ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನವರಾತ್ರಿ ಮುಗಿದ ಮೇಲೆ ಅವರು ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುವ ಕ್ರಮವನ್ನು ನೋಡಿ. ಪ್ರತಿಯೊಂದಕ್ಕೂ ಹಳೆಯ ಪಂಚೆಯ ಅಥವಾ ಸೀರೆಯ ಮೆತ್ತನೆಯ ಸುತ್ತು. ಭಾರವಾದ ಪಟ್ಟದ ಗೊಂಬೆ ಕೆಳಗೆ, ಹಗುರವಾದ ಮಣ್ಣಿನ ಗೊಂಬೆ ಮೇಲೆ. ನಡುವೆ ಅಲುಗಾಟಕ್ಕೆ ಎಡೆಯಿಲ್ಲದಂತೆ ಕಾಗದದ ಉಂಡೆ. ವರ್ಷವೆಲ್ಲ ಅಟ್ಟದ ಮೇಲಿದ್ದರೂ ಶೆಟ್ಟರ ಗೊಂಬೆಯ ಮೂಗಿಗೆ ಊನವಿಲ್ಲ! ಮನೆಯ ಸಾಮಾನಿಗೆಲ್ಲ ಇದೇ ಸೂತ್ರ. ಗಾಜಿನ ತಟ್ಟೆಗಳನ್ನೂ ಚೌಕಟ್ಟು ಹಾಕಿದ ಪಟಗಳನ್ನೂ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ. ಪುಸ್ತಕಗಳಿಗೆ ಸಣ್ಣ ಪೆಟ್ಟಿಗೆಗಳೇ ಸಾಕು. ದೊಡ್ಡದರಲ್ಲಿ ತುಂಬಿದರೆ ತಳ ಕಿತ್ತುಬರುತ್ತದೆ, ಇಲ್ಲವೇ ಎತ್ತುವವರ ಸೊಂಟ ಉಳುಕುತ್ತದೆ. ಪೆಟ್ಟಿಗೆಯ ಪಕ್ಕದ ಮೇಲೆ ಯಾವ ಕೋಣೆಗೆ ಸೇರಿದ್ದೆಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಹೊಸ ಮನೆಯಲ್ಲಿ ಮೊದಲು ಬೇಕಾಗುವ ಕಾಫಿಪುಡಿ, ಸಕ್ಕರೆ, ಎರಡು ಪಾತ್ರೆ, ಟಾರ್ಚು, ಸುತ್ತಿಗೆ, ಸಾಬೂನು, ಹೊದಿಕೆ ಇವುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಲಾರಿಗೆ ಎಲ್ಲಕ್ಕಿಂತ ಕಡೆಯಲ್ಲಿ ಏರಿಸಿ. ಕಡೆಯಲ್ಲಿ ಏರಿದ್ದು ಮೊದಲು ಇಳಿಯುತ್ತದೆ.

ಲಾರಿಯನ್ನು ಏರಲೇಬಾರದ ಗಂಟೊಂದಿದೆ. ಆಭರಣ, ಮನೆಯ ಪತ್ರಗಳು, ಬಾಡಿಗೆಯ ಕರಾರು, ಮಕ್ಕಳ ಅಂಕಪಟ್ಟಿ, ಆಧಾರ್ ಮತ್ತು ಪಡಿತರ ಚೀಟಿ, ಪ್ರತಿದಿನದ ಔಷಧಿ ಇವು ಮನೆಯವರ ಕೈಯಲ್ಲಿಯೇ ಬರಬೇಕು. ಯಾರ ಕೈಯಲ್ಲಿ ಎಂಬುದೂ ಮೊದಲೇ ನಿಶ್ಚಯವಾಗಿರಬೇಕು. ‘ನಿಮ್ಮ ಹತ್ತಿರ ಇತ್ತಲ್ಲ?’ ‘ನಿನ್ನ ಹತ್ತಿರ ಅಲ್ಲವೇ?’ ಎಂಬ ಸಂವಾದಕ್ಕೆ ಅದು ಸಮಯವಲ್ಲ.

ಅಪಾಯವಿರುವುದು ಅಡಿಗೆಮನೆಯಲ್ಲಿ. ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ಉಕ್ಕಿನ ಭಾರವೂ ಕೂಡಿದರೆ ಸುಮಾರು 30 ಕಿಲೋ. ರೆಗ್ಯುಲೇಟರನ್ನು ಕಳಚಿ, ಬಾಯಿಗೆ ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ, ಉರುಳದಂತೆ ಕಟ್ಟಿ ಸಾಗಿಸಬೇಕು. ಮುಚ್ಚಿದ ಕಾರಿನಲ್ಲಿ ಎಂದಿಗೂ ಕೂಡದು. ಹೊಸ ಮನೆಯಲ್ಲಿ ಹಾಲುಕ್ಕಿಸುವ ಆತುರದಲ್ಲಿಯೇ ಅನಾಹುತಗಳಾಗುವುದು. ಮೊದಲು ಕಿಟಕಿ ತೆರೆಯಿರಿ. ಕೊಳವೆಯ ಕೂಡುಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಿ. ಆಮೇಲೆ ಒಲೆ ಹಚ್ಚಿ. ಈ ಅನಿಲ ಗಾಳಿಗಿಂತ ಭಾರವಾದದ್ದು. ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ದೀಪದ ಗುಂಡಿಯನ್ನು ಮುಟ್ಟದೆ, ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒರೆಸಿಡಿ, ನಿಲ್ಲಿಸಿಯೇ ಸಾಗಿಸಿ, ತಲುಪಿದ ಕೆಲವು ಗಂಟೆಗಳ ನಂತರ ಚಾಲನೆ ಮಾಡಿ. ಇನ್ವರ್ಟರಿನ ಬ್ಯಾಟರಿಯಲ್ಲಿ ಆಮ್ಲವಿರುವುದರಿಂದ ಅದನ್ನು ಓರೆಮಾಡುವಂತಿಲ್ಲ.

ಸಾಗಿಸುವವರೊಡನೆ ಬಾಯಿಮಾತಿನ ಒಪ್ಪಂದ ಸಾಲದು. ಎಷ್ಟು ಆಳು, ಎಷ್ಟನೆಯ ಮಹಡಿ, ಬೀರುವನ್ನು ಇಳಿಸುವ ಕೂಲಿ ಸೇರಿದೆಯೇ, ಒಡೆದರೆ ಯಾರು ಹೊಣೆ ಎಂಬುದೆಲ್ಲ ಬರಹದಲ್ಲಿರಲಿ. ಬೆಂಗಳೂರಿನಂತಹ ಪರವೂರಿಗಾದರೆ ವಿಮೆಯನ್ನೂ ವಿಚಾರಿಸಿ. ಹಣವನ್ನೆಲ್ಲ ಮುಂಗಡವಾಗಿ ಕೊಡಬೇಡಿ. ಬಿಸಿಲಿನಲ್ಲಿ ನಮ್ಮ ಭಾರ ಹೊರುವ ಆ ಜನಕ್ಕೆ ನೀರು, ಮಜ್ಜಿಗೆ ಕೊಡುವುದನ್ನು ಮಾತ್ರ ಯಾವ ಕರಾರಿಗೂ ಕಾಯದೆ ಮಾಡಬೇಕು.

ಹಳೆಯ ಮನೆಯ ಬಾಗಿಲು ಹಾಕುವ ಮುನ್ನ ಖಾಲಿ ಕೋಣೆಗಳ ಚಿತ್ರ ತೆಗೆದಿಡಿ. ವಿದ್ಯುತ್ ಮೀಟರಿನ ಅಂಕೆಯನ್ನು ಮಾಲೀಕರ ಸಮ್ಮುಖದಲ್ಲಿ ಬರೆದುಕೊಂಡು, ‘ಸೆಸ್ಕ್’ ಬಿಲ್ಲನ್ನೂ ವಾಣಿವಿಲಾಸದ ನೀರಿನ ಬಿಲ್ಲನ್ನೂ ಚುಕ್ತಾ ಮಾಡಿ, ರಸೀತಿ ಇಟ್ಟುಕೊಳ್ಳಿ. ಮುಂಗಡದ ಹಣದಲ್ಲಿ ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುವರೆಂಬ ಮಾತು ಬೀಗದ ಕೈ ಒಪ್ಪಿಸುವ ಮೊದಲೇ ಮುಗಿಯಲಿ. ಅಂಚೆಕಚೇರಿಗೆ, ಬ್ಯಾಂಕಿಗೆ, ಗ್ಯಾಸ್ ಏಜೆನ್ಸಿಗೆ ಹೊಸ ವಿಳಾಸ ತಿಳಿಸಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಇದೆ. ಇದನ್ನು ಚುನಾವಣೆ ಬಂದಾಗ ನೆನೆದು ಫಲವಿಲ್ಲ.

ಇಷ್ಟೆಲ್ಲ ಪಟ್ಟಿ ಮಾಡುವವರು ಸಾಮಾನ್ಯವಾಗಿ ಒಂದು ಹೆಸರನ್ನು ಮರೆಯುತ್ತಾರೆ. ಅದು ಮನೆಯ ಹಿರಿಯ ಜೀವ. ಯುವಕರಿಗೆ ಹೊಸ ಮನೆಯೆಂದರೆ ಸಂಭ್ರಮ. ಎಂಬತ್ತರ ಅಜ್ಜಿಗೆ ಅದು ಕತ್ತಲೆಯಲ್ಲಿಯೂ ಬಲ್ಲ ದಾರಿಗಳನ್ನೆಲ್ಲ ಒಂದೇ ದಿನದಲ್ಲಿ ಕಳೆದುಕೊಂಡಂತೆ. ಹಳೆಯ ಮನೆಯಲ್ಲಿ ಆಕೆ ಗೋಡೆಯನ್ನು ಸವರಿಕೊಂಡು ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಇಲ್ಲಿ ಹೊಸ್ತಿಲು ಎಲ್ಲಿದೆ, ಮೆಟ್ಟಿಲು ಎಲ್ಲಿದೆ ಎಂದು ಆಕೆಯ ಕಾಲಿಗೆ ಗೊತ್ತಿಲ್ಲ. ಮೊದಲ ರಾತ್ರಿ ಎಡವಿ ಸೊಂಟದ ಮೂಳೆ ಮುರಿದುಕೊಂಡರೆ, ಅದಕ್ಕೆ ಯಾವ ಲಾರಿಯವನೂ ಪರಿಹಾರ ಕೊಡಲಾರ. ಆದ್ದರಿಂದ ಲಾರಿಯಿಂದ ಇಳಿಸಿದ ಮೊದಲ ಮಂಚ ಅವರದಾಗಲಿ. ಹಳೆಯ ಮನೆಯಲ್ಲಿ ಗೋಡೆ ಯಾವ ಪಕ್ಕದಲ್ಲಿತ್ತೋ ಆ ಪಕ್ಕಕ್ಕೇ ಹಾಕಿಸಿ. ಕತ್ತಲಾಗುವ ಮುಂಚೆ ಕೈಹಿಡಿದು ಮಂಚದಿಂದ ಬಚ್ಚಲವರೆಗೆ ಎರಡು ಸಲ ನಡೆಸಿ. ದಾರಿಯಲ್ಲಿ ಪೆಟ್ಟಿಗೆಗಳಿದ್ದರೆ ಸರಿಸಿ. ರಾತ್ರಿಯೆಲ್ಲ ಒಂದು ಸಣ್ಣ ದೀಪ ಉರಿಯಲಿ. ಉಳಿದ ಪೆಟ್ಟಿಗೆಗಳನ್ನು ನಾಳೆ ಬಿಚ್ಚಬಹುದು.