ನೆರೆ ಬಂದಾಗ ಕುರ್ಚಿ ಖಾಲಿ ಇತ್ತು

2019ರ ಆಗಸ್ಟ್‌ನಲ್ಲಿ ಕೃಷ್ಣೆ ಊರೊಳಗೇ ಬಂದಳು. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ, ಕೊಯ್ನಾ ಅಣೆಕಟ್ಟೆಯಿಂದ ಬಿಟ್ಟ ನೀರು, ಜತೆಗೆ ತುಂಬಿ ಬಂದ ದೂಧಗಂಗಾ, ವೇದಗಂಗಾ. ಕಲ್ಲೋಳ–ಯಡೂರು ಸೇತುವೆ ಮಳೆಗಾಲದಲ್ಲಿ ಮುಳುಗುವುದು ಚಿಕ್ಕೋಡಿ ಸೀಮೆಗೆ ಹೊಸದಲ್ಲ. ಆ ವರ್ಷ ಮನೆಗಳೇ ಮುಳುಗಿದವು. ಮಣ್ಣಿನ ಗೋಡೆಗಳು ನೆನೆದು ಕುಸಿದವು, ಆಳೆತ್ತರದ ಕಬ್ಬು ನಿಂತಲ್ಲೇ ಕೊಳೆಯಿತು. ಎಮ್ಮೆಗಳ ಹಗ್ಗ ಬಿಚ್ಚಿ, ಹಾಸಿಗೆ ಸುತ್ತಿಕೊಂಡು ಜನ ಪರಿಹಾರ ಕೇಂದ್ರಗಳಿಗೆ ನಡೆದರು.

ಆಗ ಅಥಣಿಗೂ ಶಾಸಕರಿರಲಿಲ್ಲ, ಕಾಗವಾಡಕ್ಕೂ ಇರಲಿಲ್ಲ. 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಮಹೇಶ ಕುಮಠಳ್ಳಿ, ಶ್ರೀಮಂತ ಪಾಟೀಲ ಇಬ್ಬರೂ ಕುಮಾರಸ್ವಾಮಿಯವರ ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರ ಉರುಳಿಸಿದ 17 ಮಂದಿಯಲ್ಲಿ ಸೇರಿದ್ದರು. ಜುಲೈ ಕೊನೆಯ ವಾರ ಸ್ಪೀಕರ್ ರಮೇಶ್ ಕುಮಾರ್ ಈ ಎಲ್ಲರನ್ನೂ ಪಕ್ಷಾಂತರಕ್ಕಾಗಿ ಅನರ್ಹಗೊಳಿಸಿದರು. ಆಗಸ್ಟ್ 20ರವರೆಗೆ ಹೊಸ ಮುಖ್ಯಮಂತ್ರಿ ಯಡಿಯೂರಪ್ಪನವರ ಸಂಪುಟದಲ್ಲಿ ಅವರೊಬ್ಬರೇ. ಹೊಳೆ ಏರುತ್ತಿದ್ದಾಗ ಇವರಿಬ್ಬರೂ ನಮ್ಮ ಪರವಾಗಿ ಸದನದಲ್ಲಿ ಎದ್ದು ನಿಲ್ಲುವ ಬಾಯಿಯೇ ಇಲ್ಲದಂತೆ ಮಾಡಿದ್ದರು. ಇದನ್ನು ನಾನು ಮರೆಯಲಾರೆ, ಕ್ಷಮಿಸಲಾರೆ.

ಮುಂದೇನಾಯಿತು? ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದಿತು. 2023ರವರೆಗೆ ಸ್ಪರ್ಧಿಸಬಾರದೆಂದು ಸ್ಪೀಕರ್ ಹಾಕಿದ್ದ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಇಬ್ಬರೂ ಬಿಜೆಪಿಯಿಂದ ಗೆದ್ದರು. 2020ರ ಫೆಬ್ರವರಿಯಲ್ಲಿ ಶ್ರೀಮಂತ ಪಾಟೀಲರು ಮಂತ್ರಿಯಾದರು. ಜನರೇ ಗೆಲ್ಲಿಸಿದರಲ್ಲ ಎನ್ನುವವರಿದ್ದಾರೆ. ಹೌದು, ಗೆಲ್ಲಿಸಿದರು, 2023ರಲ್ಲಿ ಅದೇ ಜನ ಇಬ್ಬರನ್ನೂ ಸೋಲಿಸಿದರು. ಮತಪೆಟ್ಟಿಗೆಯ ಲೆಕ್ಕ ಬೇರೆ, ಕಾನೂನಿನ ಲೆಕ್ಕ ಬೇರೆ. ಬಿಜೆಪಿ ಸೇರಲು ತಮಗೆ ಹಣದ ಆಹ್ವಾನ ಬಂದಿತ್ತು, ತೆಗೆದುಕೊಳ್ಳಲಿಲ್ಲ ಎಂದು 2021ರ ಸೆಪ್ಟೆಂಬರ್‌ನಲ್ಲಿ ಶ್ರೀಮಂತ ಪಾಟೀಲರೇ ಹೇಳಿದರು. ಗದ್ದಲವಾದ ಮೇಲೆ ಮಾತು ಬದಲಿಸಿದರು. ಆ ಮಾತಿನ ಮೇಲೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಈಗ ಜಮೀನಿನ ಉತಾರಕ್ಕೆ ದುಡ್ಡು ಕೇಳುವ ತಲಾಟಿಯನ್ನು ನೋಡಿ. ಪುಡಿ ಸವರಿದ ನೋಟು ಅವನ ಕೈಗೆ ಬೀಳುತ್ತದೆ, ಪೊಲೀಸರು ಕೈ ತೊಳೆಸುತ್ತಾರೆ, ನೀರು ಗುಲಾಬಿಯಾಗುತ್ತದೆ. ಅಲ್ಲೇ ಬಂಧನ, ಆಮೇಲೆ ಅಮಾನತು, ಮರುದಿನ ಪೇಪರಿನಲ್ಲಿ ಫೋಟೊ. ಆಗಲಿ, ಆಗಲೇಬೇಕು, ಬಡವನ ಸಾವಿರ ರೂಪಾಯಿ ತಿಂದವನಿಗೆ ದಯೆ ಬೇಡ. ಆದರೆ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 17ಎ ಕಲಂ ಓದಿ ನೋಡಿ. ಅಧಿಕಾರದಲ್ಲಿದ್ದವರು ಕೈಗೊಂಡ ತೀರ್ಮಾನ, ಮಾಡಿದ ಶಿಫಾರಸಿನ ಬಗ್ಗೆ ತನಿಖೆ ಶುರು ಮಾಡಲಿಕ್ಕೇ ಪೂರ್ವಾನುಮತಿ ಬೇಕು. ಕೈಗೆ ದುಡ್ಡು ಹಿಡಿದಾಗಲೇ ಸಿಕ್ಕಿಬಿದ್ದವರಿಗೆ ಮಾತ್ರ ಆ ರಕ್ಷಣೆ ಇಲ್ಲ. ನೋಟು ಕೈಯಲ್ಲಿ ಹಿಡಿಯುವವನು ಯಾರು? ತಲಾಟಿ, ಗುಮಾಸ್ತ, ಸರ್ವೇಯರ್. ಕಡತದ ಮೇಲೆ ಸಹಿ ಹಾಕಿ ಕೋಟಿ ಬಾಚುವವನು ನೋಟು ಮುಟ್ಟುವುದೇ ಇಲ್ಲ. ಈ ಕಲಂ ಬರೆಯುವಾಗಲೇ ಇಬ್ಬರಿಗೂ ಬೇರೆ ಬೇರೆ ಬಾಗಿಲು ಇಟ್ಟರು.

ನೆರೆ ಪರಿಹಾರದ ಹಣೆಬರಹವೂ ಒಂದು ಅಕ್ಷರದಲ್ಲಿತ್ತು. ಮನೆಗಾದ ಹಾನಿಯ ದರ್ಜೆ ಎ ಎಂದು ಬರೆದರೆ 5 ಲಕ್ಷ ರೂಪಾಯಿ, ಸಿ ಎಂದರೆ 50 ಸಾವಿರ. ಆ ಅಕ್ಷರ ತಪ್ಪಾಗಿ ಬಿದ್ದರೆ ದೂರು ಯಾರಿಗೆ ಕೊಡಬೇಕಿತ್ತು? ಲೋಕಾಯುಕ್ತದ ಪೊಲೀಸ್ ಬಲ ಕಿತ್ತು 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಕಟ್ಟಿದ್ದು ಸಿದ್ದರಾಮಯ್ಯನವರ ಸರ್ಕಾರ. ಅದು ಮುಖ್ಯಮಂತ್ರಿಯ ಕೈಕೆಳಗಿನ ಸಂಸ್ಥೆಯಾಗಿತ್ತು. ಅದನ್ನು ಕುಮಾರಸ್ವಾಮಿಯವರೂ ಉಳಿಸಿಕೊಂಡರು, ಯಡಿಯೂರಪ್ಪನವರೂ ಉಳಿಸಿಕೊಂಡರು. ಮೂರು ಪಕ್ಷಕ್ಕೂ ಅದು ಬೇಕಾಗಿತ್ತು. 2022ರ ಆಗಸ್ಟ್ 11ರಂದು ಹೈಕೋರ್ಟ್ ರದ್ದು ಮಾಡುವವರೆಗೆ ಆರು ವರ್ಷ ನಡೆಯಿತು. 1984ರ ಕಾಯ್ದೆಯಿಂದ ಹುಟ್ಟಿ, ಅಕ್ರಮ ಗಣಿಗಾರಿಕೆಯ ವರದಿಯಿಂದ 2011ರಲ್ಲಿ ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲುಗಿಸಿದ್ದ ಲೋಕಾಯುಕ್ತದ ಹಲ್ಲನ್ನು ಹೀಗೆ ಕಿತ್ತುಹಾಕಿದ್ದರು. ನಮ್ಮ ನೆರೆ ಬಂದದ್ದು ಸರಿಯಾಗಿ ಆ ಆರು ವರ್ಷದ ನಡುವೆ.

ನಿಪ್ಪಾಣಿ, ರಾಯಬಾಗ, ಅಥಣಿಯ ಓದುಗರೇ, ಮತ ಕೇಳಲು ಬರುವ ಪ್ರತಿಯೊಬ್ಬರ ಮುಂದೆ ಎರಡು ಮಾತು ಇಡಿ. ಪಕ್ಷಾಂತರಕ್ಕೆ ಅನರ್ಹನಾದವನು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದು. ನೋಟು ಹಿಡಿದು ಸಿಕ್ಕಿಬಿದ್ದ ತಲಾಟಿಗಿಲ್ಲದ ಪೂರ್ವಾನುಮತಿಯ ಗುರಾಣಿ ಮಂತ್ರಿಗೂ ಇರಬಾರದು. ಇದಕ್ಕೆ ಒಪ್ಪಿದೆನೆಂದು ಬರೆದುಕೊಡದವನಿಗೆ ನಿಮ್ಮ ಮತ ಕೊಡಬೇಡಿ.